ಪಾಪಮ್ಮನ ಮುಖ

ಕಂಪ್ಯೂಟರಿನ ಮೇಲೆ ಸಿಟ್ಟು ತೀರಿಸಿಕೊಳ್ಳುವ ಹಾಗಿದ್ದರೆ ಇಂದ್ರಾಣಿ ಅದನ್ನು ಆವತ್ತೇ ಎತ್ತಿ ನಂಜನಗೂಡಿನ ಬೀದಿಗೆ ಎಸೆದುಬಿಡುತ್ತಿದ್ದಳು. ಟೇಪನ್ನು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದಳು. ಮೂರು ಸಲವೂ ಅದೇ. ಛತ್ರದ ಹಿತ್ತಿಲಲ್ಲಿ ಮುಸುರೆ ಪಾತ್ರೆಗಳ ನಡುವೆ ಕೂತ ಪಾಪಮ್ಮ, ಇಪ್ಪತ್ತು ವರ್ಷ ನುಂಗಿಕೊಂಡಿದ್ದ ಮಾತನ್ನು ಆಡಲು ಶುರು ಮಾಡುತ್ತಾಳೆ. ನಾಲ್ಕು ಮಾತು ಮುಗಿಯುವಷ್ಟರಲ್ಲಿ ಕ್ಯಾಮೆರಾ ಅವಳನ್ನು ಅಲ್ಲೇ ಬಿಟ್ಟು ಬಲಗಡೆಗೆ ಹೊರಟುಹೋಗುತ್ತದೆ. ಅಲ್ಲಿ ಬಾಗಿಲಲ್ಲಿ ಛತ್ರದ ಯಜಮಾನರಾದ ಕಲ್ಲಯ್ಯನವರು ನಿಂತಿದ್ದಾರೆ. ಅವರಿಗೆ ಬಹುವಚನ ಹಚ್ಚುವುದು ಊರಿನ ರೂಢಿ, ನಾವೂ ಹಚ್ಚೋಣ, ನಮ್ಮ ಗಂಟೇನು ಹೋಗುತ್ತದೆ. ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು ಕ್ಯಾಮೆರಾ ಕಡೆ ನೋಡಿ ನಗುತ್ತಿದ್ದಾರೆ. ಪಾಪಮ್ಮ ಕಾಣುವುದಿಲ್ಲ. ಅವಳ ದನಿ ಮಾತ್ರ ಎಲ್ಲಿಂದಲೋ ಕೇಳಿಸುತ್ತಲೇ ಇದೆ.

"ಅಯ್ಯೋ ನಿನ್ ಕೈ ಸೇದೋಗ" ಎಂದು ಇಂದ್ರಾಣಿ ಒಬ್ಬಳೇ ಬೈದಳು. ಬೈದದ್ದು ಕ್ಯಾಮೆರಾ ಹಿಡಿದಿದ್ದ ನಟರಾಜನನ್ನು.

ಇಂದ್ರಾಣಿ ಆ ಊರಿನ ಶಿವರಾಜು ಎಂಬವರ ವಿಡಿಯೋ ಸ್ಟುಡಿಯೋದಲ್ಲಿ ಆರು ವರ್ಷದಿಂದ ಮಿಕ್ಸಿಂಗ್ ಮಾಡುತ್ತಿದ್ದವಳು. ಮದುವೆಯ ಟೇಪುಗಳನ್ನು ಕತ್ತರಿಸಿ, ಹಾಡು ಕೂಡಿಸಿ, ಗಂಡುಹೆಣ್ಣನ್ನು ಗುಲಾಬಿ ಹೂವಿನೊಳಗಿಂದ ಹೊರಡಿಸುವ ಕೆಲಸಕ್ಕೆ ಮಿಕ್ಸಿಂಗ್ ಎನ್ನುತ್ತಾರೆ. ಮದುವೆ ಮನೆಯವರು ಬಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. "ಆ ಚಿಕ್ಕಪ್ಪನ್ನ ತೆಗೀಮ್ಮ, ಈಗ ಮಾತಿಲ್ಲ." ತೆಗೆಯುತ್ತಿದ್ದಳು. "ಆ ಕೆಂಪು ಸೀರೆಯವರು ಬೇಡ, ಉಡುಗೊರೆ ವಿಷಯದಲ್ಲಿ ಜಗಳ ಆಯ್ತು." ತೆಗೆಯುತ್ತಿದ್ದಳು. ಎಲೆ ಎತ್ತುವವರನ್ನು, ಪಾತ್ರೆ ತೊಳೆಯುವವರನ್ನು ತೆಗೆಯಲು ಮಾತ್ರ ಯಾರೂ ಬಂದು ಹೇಳಬೇಕಾಗಿರಲಿಲ್ಲ. ಅಂಥವರು ಕಂಡರೆ ಕೈ ತಾನಾಗಿ ಕತ್ತರಿಸಿ ಮುಂದಕ್ಕೆ ಹೋಗುತ್ತಿತ್ತು. ಒಂದು ದಿನ ಹಾಗೆ ಕತ್ತರಿಸಿ ಎಸೆದಾದ ಮೇಲೆ, ಆ ಬಳೆಯಿಲ್ಲದ ಕೈ, ಆ ನೀಲಿ ಕುಪ್ಪಸ ಎಲ್ಲೋ ನೋಡಿದ್ದೇನಲ್ಲ ಎನಿಸಿತು. ತಿರುಗಿ ತೆಗೆದು ನೋಡಿದರೆ ಅವಳ ದೊಡ್ಡಮ್ಮ ಪಾಪಮ್ಮ. ಅವ್ವನ ಒಡಹುಟ್ಟಿದ ಅಕ್ಕ, ಪಕ್ಕದ ಊರು ಕಳಲೆಯ ಕೇರಿಯಲ್ಲಿ ಇಂದ್ರಾಣಿಯನ್ನು ಸೊಂಟದಲ್ಲಿ ಹೊತ್ತು ಸಾಕಿದವಳು.

ಸಿನಿಮಾದ ಯೋಚನೆ ಹುಟ್ಟಿದ್ದು ಆವತ್ತು. ಹದಿನೈದೋ ಇಪ್ಪತ್ತೋ ನಿಮಿಷದ್ದು, ಪಾಪಮ್ಮನದೇ ಕಥೆ, ಪಾಪಮ್ಮನೇ ಪಾತ್ರಧಾರಿ. ದುಡ್ಡೆಲ್ಲಿ ಎಂದರೆ ಅದಕ್ಕೆ ಆಷಾಢವಿತ್ತು. ಆಷಾಢದಲ್ಲಿ ನಮ್ಮ ಕಡೆ ಮದುವೆಯಿಲ್ಲ. ಛತ್ರಕ್ಕೆ ಬೀಗ, ವಾಲಗದವರಿಗೆ ನಿದ್ದೆ, ಸ್ಟುಡಿಯೋದ ಕ್ಯಾಮೆರಾಗಳು ಬ್ಯಾಗಿನೊಳಗೆ. "ಸುಮ್ನೆ ಇಟ್ರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತೆ, ತಗೊಂಡ್ ಹೋಗು" ಎಂದು ಶಿವರಾಜು ಕೊಟ್ಟರು. ಕೆಟ್ಟವರೇನಲ್ಲ, ತಮಗೆ ನಷ್ಟವಾಗದಷ್ಟು ಒಳ್ಳೆಯವರು. ಇಂದ್ರಾಣಿ ಎರಡು ಟೇಪು ಕೊಂಡಳು. ಬಿಸಿಲನ್ನು ಮುಖಕ್ಕೆ ತಿರುಗಿಸಲು ಟಿ.ವಿ. ಅಂಗಡಿಯವರು ಬಿಸಾಕಿದ್ದ ಥರ್ಮಾಕೋಲು ಸಿಕ್ಕಿತು. ಮೈಕನ್ನು ಜೇಡರ ಬಲೆ ಹೊಡೆಯುವ ಕೋಲಿಗೆ ಕಟ್ಟಿದಳು. ಮಧ್ಯಾಹ್ನಕ್ಕೆ ಪಾಪಮ್ಮನೇ ಮುದ್ದೆ, ಉಪ್ಸಾರು ಕಟ್ಟಿಕೊಂಡು ಬರುತ್ತಿದ್ದಳು. ಎರಡು ಸಾವಿರದ ನಾಲ್ಕನೇ ಇಸವಿಯ ಆಷಾಢ ಪೂರ್ತಿ ಹೀಗೆ ನಡೆಯಿತು.

ಪಾಪಮ್ಮ ಒಪ್ಪಿದ್ದು ಒಂದೇ ಕರಾರಿಗೆ. "ನೋಡು ಕೂಸು, ನಾನು ಎಷ್ಟು ಮದ್ವೆ ಪಾತ್ರೆ ಬೆಳಗಿವ್ನೋ ಲೆಕ್ಕಿಲ್ಲ. ಒಂದ್ ಕ್ಯಾಸೆಟ್ಟಲ್ಲೂ ನಾನಿಲ್ಲ. ನಾನೂ ಆ ಮದ್ವೆಗ್ ಓಗಿದ್ದೆ ಅಂತ ಯಾರೂ ಏಳಕ್ಕಾಗಕಿಲ್ಲ. ನೀನು ತೆಗ್ದ್ರೆ ನನ್ ಮೊಕ ತೆಗೀಬೇಕು. ನಾನು ಆ ಮಾತ ಆಡುವಾಗ ಎಂಗ್ ಕಾಣ್ತೀನಿ ಅಂತ ನಾನೇ ನೋಡ್ಬೇಕು. ಆಯ್ತಾ?"

"ಆಯ್ತು ದೊಡ್ಡಮ್ಮ" ಎಂದಿದ್ದಳು ಇಂದ್ರಾಣಿ.

ಆ ಮಾತು ಯಾವುದೆಂದು ಕೇರಿಗೆಲ್ಲ ಗೊತ್ತಿತ್ತು, ಕೇರಿಯಾಚೆಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಕಲ್ಲಯ್ಯನವರ ಛತ್ರದ ಮದುವೆಯೊಂದರಲ್ಲಿ ಬೆಳ್ಳಿ ಚೊಂಬು ಕಳೆದಿತ್ತು. ಯಾರು ಕದ್ದರು ಎಂದು ಯಾರೂ ಕೇಳಲಿಲ್ಲ, ನೇರ ಹಿತ್ತಿಲಿಗೆ ಬಂದರು. ಅಡಿಗೆಯವರು, ಎಲೆ ಎತ್ತುವ ಗಂಡಸರು ಎಲ್ಲರ ಎದುರಿಗೆ ಪಾಪಮ್ಮನಿಗೆ ಉಟ್ಟ ಸೀರೆ ಬಿಚ್ಚಿ ಒದರು ಎಂದರು. ಬಿಚ್ಚಿ ಒದರಿದಳು. ಸಂಜೆಗೆ ಚೊಂಬು ಉಗ್ರಾಣದಲ್ಲಿ ಅಕ್ಕಿ ಮೂಟೆಯ ಹಿಂದೆ ಸಿಕ್ಕಿತು. "ಸಿಕ್ತಂತೆ, ಹೋಗು, ಪಾತ್ರೆ ಬೆಳಗು" ಎಂದರು. ಅಷ್ಟೇ. ಬಿಚ್ಚು ಎಂದ ಬಾಯಿ, ಹೋಗು ಎಂದ ಬಾಯಿ ಎರಡೂ ಒಂದೇ, ಕಲ್ಲಯ್ಯನವರದು.

ಅದೇ ಕಲ್ಲಯ್ಯನವರು ಸಿನಿಮಾಕ್ಕೆ ಛತ್ರ ಬಿಟ್ಟುಕೊಟ್ಟಿದ್ದರು. ಅವರಿಗೆ ಅದೆಲ್ಲ ನೆನಪಾದರೂ ಎಲ್ಲಿರಬೇಕು. "ಬೋರ್ಡು ಚೆನ್ನಾಗಿ ಕಾಣೋ ಹಾಗೆ ತೆಗೀರಿ" ಎಂದಷ್ಟೇ ಹೇಳಿದ್ದರು. ಆಷಾಢದ ಕೊನೆಯ ದಿನ ಹಿತ್ತಿಲಲ್ಲಿ ಶೂಟಿಂಗ್. ಮಾತು ಬರೆದುಕೊಟ್ಟಿರಲಿಲ್ಲ, ಪಾಪಮ್ಮ ತನಗೆ ಬಂದ ಹಾಗೆ ಹೇಳಬೇಕಿತ್ತು. ಅರ್ಧದಲ್ಲಿ ಕಲ್ಲಯ್ಯನವರು ತಾವಾಗಿ ಬಂದು ಬಾಗಿಲಲ್ಲಿ ನಿಂತರು. ಮೈಕಿನ ಕೋಲು ಹಿಡಿದಿದ್ದ ಇಂದ್ರಾಣಿ ಪಾಪಮ್ಮನ ಮುಖವನ್ನೇ ನೋಡುತ್ತಿದ್ದಳು. ಪಾಪಮ್ಮ ಅವರನ್ನು ಕಂಡಳು. ನಾರು ಹಿಡಿದ ಕೈ ತಪ್ಪಲೆಯ ಮೇಲೆ ನಿಂತಿತು. ನಿಲ್ಲಿಸಿಬಿಡುತ್ತಾಳೆ ಎಂದು ಇಂದ್ರಾಣಿ ಅಂದುಕೊಂಡಳು. ಪಾಪಮ್ಮ ನಿಲ್ಲಿಸಲಿಲ್ಲ. ತಲೆಯೆತ್ತಿ, ಕಣ್ಣು ಕೀಳದೆ, ದನಿಯನ್ನು ಒಂದಿಷ್ಟೂ ಏರಿಸದೆ, ಅವರ ಮುಖ ನೋಡಿಕೊಂಡೇ ಕೊನೆಯ ತನಕ ಹೇಳಿದಳು. ಇಂದ್ರಾಣಿಗೆ ಮೈ ಜುಮ್ಮೆಂದಿತ್ತು. ಇನ್ನು ಈ ಸಿನಿಮಾ ಮುಗಿಯಿತು, ಇದಕ್ಕಿಂತ ಇನ್ನೇನು ಬೇಕು ಎಂದು ಬಸ್ಸಿನಲ್ಲಿ ಊರಿಗೆ ಹೋಗುವಾಗ ಅತ್ತಿದ್ದಳು ಕೂಡ.

ಈಗ ಟೇಪಿನಲ್ಲಿ ನೋಡಿದರೆ ಆ ಮುಖವೇ ಇಲ್ಲ.

ನಟರಾಜನನ್ನು ಕರೆಸಿ ತೋರಿಸಿದಳು. ಅವನೂ ಅವಳ ಕೇರಿಯವನೇ, ಒಳ್ಳೆಯ ಹುಡುಗ, ಹತ್ತು ವರ್ಷ ಮದುವೆ ತೆಗೆದ ಕೈ. ನೋಡುತ್ತ ನೋಡುತ್ತ ಬೆವತುಹೋದ.

"ಏನ್ಲಾ ಇದು?"

"ಯಜಮಾನ್ರು ಬಂದ್ರಲ್ಲ ಇಂದ್ರಕ್ಕ..."

"ಬಂದ್ರೆ?"

"ಯಜಮಾನ್ರು ಬಂದ್ರೆ ಅವರ್ ಕಡೆ ತಿರುಗ್ಬೇಕಲ್ವಾ. ಕೈ ತಾನಾಗ್ ಓಗ್ಬುಟ್ಟದೆ. ನಂಗ್ ಗೊತ್ತೇ ಆಗ್ನಿಲ್ಲ, ನಿನ್ ಆಣೆಗೂ."

ಅವನು ಹೇಳಿದ್ದು ಸುಳ್ಳಲ್ಲ. ಕೆಲಸಕ್ಕೆ ಸೇರಿದ ವರ್ಷ, ಒಬ್ಬರು ದೊಡ್ಡ ಮನುಷ್ಯರು ಮಂಟಪಕ್ಕೆ ಬಂದಾಗ ಇವನು ಊಟದ ಪಂಕ್ತಿ ತೆಗೆಯುತ್ತಿದ್ದನೆಂದು ಶಿವರಾಜು ಎಲ್ಲರೆದುರು ಕಪಾಳಕ್ಕೆ ಹೊಡೆದಿದ್ದರು. ಆಮೇಲೆ ಒಂದು ಸಲವೂ ಅವನ ಕೈ ತಪ್ಪಿರಲಿಲ್ಲ. ಶಲ್ಯದವರು ಬಂದರೆ ಶಲ್ಯದ ಕಡೆ. ಇಂದ್ರಾಣಿಗೂ ಅದು ಅರ್ಥವಾಗದೆ ಇರಲಿಲ್ಲ, ಅವಳ ಕೈಗೂ ಅಂಥದೇ ಪಾಠ ಆಗಿತ್ತಲ್ಲ. ಆದರೂ ಬಾಯಿಗೆ ಬಂದದ್ದೆಲ್ಲ ಅಂದಳು. ನಾಯಿ ಬಾಲ ಎಂದಳು. ಅವನು ತಲೆ ತಗ್ಗಿಸಿಕೊಂಡು ಹೊರಗೆ ಹೋಗಿ ಬೀಡಿ ಹಚ್ಚಿದ.

ಇನ್ನೊಂದು ಸಲ ತೆಗೆಯೋಣವೆಂದು ಕಳಲೆಗೆ ಹೋದಳು. ಅಲ್ಲಿ ಬೇರೆಯೇ ಸುದ್ದಿ ಕಾದಿತ್ತು. ಶ್ರಾವಣದಿಂದ ಛತ್ರದ ಕಡೆ ತಲೆ ಹಾಕಬೇಡ ಎಂದು ಪಾಪಮ್ಮನಿಗೆ ಹೇಳಿಕಳಿಸಿದ್ದರು. ಅವಳು ಆವತ್ತು ಯಾರ ಹೆಸರನ್ನೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಯಜಮಾನರು, ಇನ್ನೇನು.

"ಆ ಮಾತ ಇನ್ನೊಂದ್ಸಲ ಏಳ್ತೀಯಾ ದೊಡ್ಡಮ್ಮ? ಇಲ್ಲೇ, ಜಗ್ಲಿ ಮೇಲೆ."

"ಅವ್ನು ಎದ್ರಿಗ್ ನಿಂತಿದ್ದ, ಅದ್ಕೇ ಬಂತು. ಗೋಡೆ ಮುಂದೆ ಕುಂತ್ಕೊಂಡ್ ಏಳು ಅಂದ್ರೆ ಏನೇಳ್ಲಿ? ಯಾಕೆ, ನನ್ ಮೊಕ ಬಂದದ ತಾನೆ?"

ಕೆಲಸ ಕಳೆದುಕೊಂಡು ಕೂತವಳಿಗೆ ಇದನ್ನೂ ಹೇಗೆ ಹೇಳುವುದು. "ಬಂದದೆ" ಎಂದುಬಿಟ್ಟಳು ಇಂದ್ರಾಣಿ. ಮೊದಲ ನಾಲ್ಕು ಮಾತಿಗೆ ಬಂದಿತ್ತಲ್ಲ, ಪೂರ್ತಿ ಸುಳ್ಳೇನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ದಾರಿಯಲ್ಲಿ ಉಪಾಯವೊಂದು ಹೊಳೆಯಿತು. ಕಲ್ಲಯ್ಯನ ತುಂಡನ್ನು ತೆಗೆದುಹಾಕಿ, ಬೇರೆ ದಿನ ತೆಗೆದಿದ್ದ ಪಾಪಮ್ಮನ ಮುಖವನ್ನು ಆ ಜಾಗಕ್ಕೆ ಕೂರಿಸಿ, ದನಿ ಹಾಗೇ ಓಡಿಸಬಹುದು. ಒಲೆ ಮುಂದೆ ಕೂತು ಸುಮ್ಮನೆ ನೋಡುವ ಮುಖ ಒಂದಿತ್ತು. ಅದೇ ಅಲ್ಲ, ಆದರೂ ಅವಳದೇ. ಹಾಗೇ ಮಾಡುವುದೆಂದು ಗಟ್ಟಿ ಮಾಡಿಕೊಂಡು ಬೆಳಿಗ್ಗೆ ಸ್ಟುಡಿಯೋಕ್ಕೆ ಬಂದರೆ ಶಿವರಾಜು ಮಿಕ್ಸಿಂಗ್ ರೂಮಿನಲ್ಲಿ ಅವಳ ಕುರ್ಚಿಯ ಮೇಲೇ ಕೂತಿದ್ದರು.

"ಕಲ್ಲಯ್ಯನವರು ಬಂದಿದ್ರು. ಅವರು ಎಲ್ಲೆಲ್ಲಿ ಬಂದಿದಾರೋ ಅಷ್ಟನ್ನೂ ಕಟ್ ಮಾಡು. ಆ ಜಾಗಕ್ಕೆ ಒಂದು ದೀಪನೋ ಹೂವೋ ಏನೋ ಒಂದು ಹಾಕು."

"ಯಾಕ್ ಸಾರ್? ಅವರೇ ಬಂದ್ ನಿಂತ್ಕೊಂಡಿದ್ದು."

"ವರ್ಷಕ್ಕೆ ನಲವತ್ತು ಮದುವೆ ಆ ಛತ್ರದಿಂದ ಬರುತ್ತೆ ಕಣಮ್ಮ. ಉಂಡ ಮನೆ ಜಂತೆ ಎಣಿಸ್ತಾ ಕೂತ್ಕೋಬಾರದು."

"ಯಾರ್ ಸಾರ್ ಉಂಡಿದ್ದು?" ಇಂದ್ರಾಣಿಯ ದನಿ ಹೊರಗಿನ ಅಂಗಡಿಗೂ ಕೇಳಿಸಿತು. "ನಮ್ ದೊಡ್ಡಮ್ಮ ಕೊನೇ ಪಂಕ್ತೀಲೂ ಕೂತಿಲ್ಲ. ಮಿಕ್ಕಿದ್ದ ಬಕೆಟ್ಟಲ್ಲಿ ಹಾಕ್ಕೊಟ್ರೆ ತಂದು ನಮಗಿಕ್ಕಿದ್ಲು. ಆ ಮನೆ ಜಂತೆ ಎಣಿಸಕ್ಕೆ ಒಳಗೆ ಬಿಟ್ಟಿದ್ರಾ ಅವರು?"

"ಹೇಳಿದಷ್ಟು ಮಾಡು. ಇಲ್ಲಾ ಟೇಪು ಇಟ್ಟು ಹೋಗು."

ಇಲ್ಲಿ ಇಂದ್ರಾಣಿಯ ತಲೆ ಕೆಟ್ಟಿತು. ತೆಗೆಯಬೇಕೆಂದು ಅವಳೇ ಬಂದಿದ್ದವಳು. ಆದರೆ ತೆಗಿ ಎಂದು ಅವರು ಹೇಳಿದ ಮೇಲೆ ತೆಗೆದರೆ ಅದು ಮತ್ತದೇ ಮಿಕ್ಸಿಂಗ್ ಅಲ್ಲವೇ? ಆರು ವರ್ಷ ಯಾರೋ ಹೇಳಿದವರನ್ನೆಲ್ಲ ತೆಗೆದದ್ದಾಯಿತು, ಈ ಒಬ್ಬನನ್ನು ಮಾತ್ರ ತೆಗೆಯಲಾರೆ, ಇರಲಿ ಇವನು, ಶಲ್ಯದ ಸಮೇತ ಇರಲಿ, ಊರೆಲ್ಲ ನೋಡಲಿ. ಹಾಗೆಂದು ಸಿಟ್ಟಿನ ಕೈಗೆ ಬುದ್ಧಿ ಕೊಟ್ಟಳು. ಪಾಪಮ್ಮನನ್ನು ಒಂದು ಮಾತು ಕೇಳಬೇಕು ಎಂಬುದು ಹೊಳೆಯಲೇ ಇಲ್ಲ. ಶ್ರಾವಣದ ಮೊದಲ ಮದುವೆಗೆ ಸ್ಟುಡಿಯೋದವರೆಲ್ಲ ಹುಲ್ಲಹಳ್ಳಿಗೆ ಹೋದ ದಿನ ಒಬ್ಬಳೇ ಕೂತು ಮಿಕ್ಸಿಂಗ್ ಮುಗಿಸಿದಳು. ಆ ತುಂಡನ್ನು ಒಂದು ಕೂದಲೆಳೆಯಷ್ಟೂ ಮುಟ್ಟಲಿಲ್ಲ. ಸಿ.ಡಿ.ಗೆ ಇಳಿಸಿ, ಬೀಗದ ಕೈಯನ್ನು ಕೀಬೋರ್ಡಿನ ಮೇಲಿಟ್ಟು, ಟೇಪುಗಳನ್ನು ಬ್ಯಾಗಿಗೆ ಹಾಕಿಕೊಂಡು ಹೊರಟುಬಿಟ್ಟಳು. ಶಿವರಾಜು ತಿರುಗಿ ಕರೆಯಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಟಿ. ನರಸೀಪುರದಲ್ಲಿ ಸಿನಿಮಾ ತೋರಿಸುವುದೆಂದಾಯಿತು. ಅಲ್ಲಿಯ ಹೈಸ್ಕೂಲಿನ ಚಲುವಯ್ಯ ಮೇಷ್ಟ್ರು ಕೇರಿಯ ಸಂಘದ ಹುಡುಗರನ್ನು ಕಟ್ಟಿಕೊಂಡು ಮೈಸೂರಿನಿಂದ ಪ್ರೊಜೆಕ್ಟರ್ ತರಿಸಿದ್ದರು. ಮಟಮಟ ಮಧ್ಯಾಹ್ನ ಹೈಸ್ಕೂಲಿನ ಹಾಲಿನ ಕಿಟಕಿಗಳಿಗೆಲ್ಲ ಜಮಖಾನ ಕಟ್ಟಿ ಕತ್ತಲು ಮಾಡಿದರು. ಎಂಬತ್ತು ತೊಂಬತ್ತು ಜನ ಸೇರಿದರು. ಮೊದಲ ಸಾಲಿನಲ್ಲಿ ಪಾಪಮ್ಮ, ಮಡಿಕೆ ಮುರಿಯದ ಹೊಸ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ನಟರಾಜ ಹಿಂದಿನ ಗೋಡೆಗೆ ಒರಗಿ ನಿಂತಿದ್ದ, ಶಿವರಾಜುಗೆ ಗೊತ್ತಾಗದ ಹಾಗೆ ಬಂದಿದ್ದ.

ಸಿನಿಮಾ ಶುರುವಾಯಿತು. ಪಾಪಮ್ಮ ಮುಂಜಾನೆ ಬಸ್ಸಿಗೆ ಕಾಯುತ್ತಾಳೆ, ಬೂದಿ ಜರಡಿ ಹಿಡಿಯುತ್ತಾಳೆ, ತಪ್ಪಲೆಯೊಳಗೆ ಅರ್ಧ ಮೈ ಇಳಿಸಿ ಉಜ್ಜುತ್ತಾಳೆ. ಪರದೆಯ ಮೇಲೆ ತನ್ನನ್ನು ನೋಡಿ ಪಾಪಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಹಿತ್ತಿಲು ಬಂತು, ಮಾತು ಶುರುವಾಯಿತು, ಕ್ಯಾಮೆರಾ ತಿರುಗಿತು. ಪರದೆಯ ತುಂಬ ಕಲ್ಲಯ್ಯನವರು. ಶಲ್ಯ ಸರಿಮಾಡಿಕೊಂಡು ನಗುತ್ತಾರೆ. "ಸೀರೆ ಬಿಚ್ಚಿ ಒದರು ಅಂದ್ರು" ಎನ್ನುತ್ತದೆ ದನಿ. ನಗು ಇನ್ನೂ ಇದೆ. "ಗಂಡಸ್ರೆಲ್ಲ ನಿಂತಿದ್ರು, ಒದರ್ದೆ" ಎನ್ನುತ್ತದೆ. ನಗು ಅರ್ಧಕ್ಕೆ ನಿಲ್ಲುತ್ತದೆ. "ಚೊಂಬು ಉಗ್ರಾಣದಲ್ಲಿತ್ತು" ಎನ್ನುವ ಹೊತ್ತಿಗೆ ಆ ಮುಖದಲ್ಲಿ ನಗುವೂ ಇಲ್ಲ, ಬಣ್ಣವೂ ಇಲ್ಲ, ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತದೆ. ಯಾರೋ ಹಿಂದಿನಿಂದ "ನೋಡ್ರಲಾ ಅವ್ನ್ ಮೊಕವ!" ಎಂದು ಕೂಗಿದ. ಶಿಳ್ಳೆ, ಚಪ್ಪಾಳೆ, ಕುರ್ಚಿ ದಡಬಡ. ಹುಡುಗರು ಎದ್ದು ನಿಂತು ಕೂಗಿದರು. ಇಂದ್ರಾಣಿಗೆ ಎದೆಯುಬ್ಬಿ ಬಂತು. ಗೆದ್ದೆ ಎಂದುಕೊಂಡಳು.

ಚಲುವಯ್ಯ ಮೇಷ್ಟ್ರು ಕಣ್ಣೊರೆಸಿಕೊಂಡು ಮೈಕ್ ಹಿಡಿದರು. "ಕ್ಯಾಮೆರಾ ಬಡವಳನ್ನ ಬಿಟ್ಟು ಯಜಮಾನನ ಕಡೆ ತಿರುಗುತ್ತೆ! ಎಂಥ ಆಲೋಚನೆ ನೋಡಿ! ಇದನ್ನ ಯೋಚನೆ ಮಾಡಿದ ಇಂದ್ರಾಣಿಗೂ ತೆಗೆದ ನಟರಾಜ್‌ಗೂ ನಾನು ಕೈ ಮುಗೀತೀನಿ. ಇದರ ನೂರು ಸಿ.ಡಿ. ಮಾಡಿಸಿ ಮೈಸೂರು, ಬೆಂಗಳೂರು ಎಲ್ಲ ಕಡೆ ತೋರಿಸ್ತೀವಿ." ನಟರಾಜನ ಕೊರಳಿಗೆ ಹಾರ ಬಿತ್ತು. ನಾಯಿ ಬಾಲ ಎನಿಸಿಕೊಂಡವನು ಈಗ ಕಲಾವಿದ. ಅವನು ಇಂದ್ರಾಣಿಯ ಕಡೆ ನೋಡಿದ. ಇಂದ್ರಾಣಿ ಬೇರೆ ಕಡೆ ನೋಡಿದಳು.

ಅವಳು ಪಾಪಮ್ಮನನ್ನು ವೇದಿಕೆಗೆ ಕರೆಯೋಣವೆಂದು ನೋಡಿದರೆ ಕುರ್ಚಿ ಖಾಲಿ.

ಪಾಪಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಮೆಟ್ಟುತ್ತಿದ್ದಳು.

"ಯಾಕ್ ದೊಡ್ಡಮ್ಮ ಎದ್ದ್ ಬಂದ್ಬುಟ್ಟೆ? ಒಳಗೆ ನಿನ್ನ ಕರೀತಾವ್ರೆ."

"ನನ್ಯಾಕ್ ಕರೀತಾರೆ? ಅವ್ನ ಕರೀರಿ. ಪಿಚ್ಚರ್ ಅವ್ಂದು."

"ಅಂಗಲ್ಲ ದೊಡ್ಡಮ್ಮ, ಅವ್ನ್ ಮಾನ ಎಂಗ್ ಓಯ್ತು ನೋಡ್ದಾ? ಜನ ಎಂಗ್ ಉಗುದ್ರು..."

"ಅವ್ನ್ ಮೊಕ ಇಪ್ಪತ್ ವರ್ಸದಿಂದ ನೋಡ್ತಾ ಇವ್ನಿ ಕಣವ್ವ. ನಂಗೇನ್ ಒಸದಾ? ನಾನು ನನ್ ಮೊಕ ನೋಡಕ್ ಬಂದಿದ್ದೆ." ಪಾಪಮ್ಮ ಮೆಟ್ಟುತ್ತಿದ್ದ ಚಪ್ಪಲಿ ಬಿಟ್ಟು ಇಂದ್ರಾಣಿಯ ಕಡೆ ತಿರುಗಿದಳು. "ಆವತ್ತು ಅವ್ನ ಕಣ್ಣಲ್ ಕಣ್ಣಿಟ್ಟು ಮಾತಾಡ್ದೆ. ನನ್ ಜನ್ಮದಲ್ ಒಂದೇ ಸಲ. ಎಂಗಿದ್ದೆ ಅಂತ ನಾನ್ ನೋಡ್ಬೇಕು ಅಂತ ನಿಂಗ್ ಬಾಯ್ಬುಟ್ ಏಳಿದ್ದೆ. ನೀನು ಬಂದದೆ ಅಂತ ಸುಳ್ಳೇಳ್ದೆ. ನನ್ ಮಾತ್ಗೆ ಅವ್ನ್ ಮೊಕ ಮಡಗ್ಬುಟ್ಟೆ. ಮದ್ವೆ ಕ್ಯಾಸೆಟ್ಟಿಗೂ ಇದ್ಕೂ ಏನವ್ವ ಯತ್ಯಾಸ? ಅಲ್ಲಿ ನನ್ನ ಅವ್ರು ತೆಗ್ದಾಕುದ್ರು, ಇಲ್ಲಿ ನೀನು ತೆಗ್ದಾಕ್ದೆ. ಅಷ್ಟೇ ತಾನೆ?"

ಒಳಗಿನಿಂದ ಇನ್ನೂ ಚಪ್ಪಾಳೆ ಕೇಳುತ್ತಿತ್ತು. ಇಂದ್ರಾಣಿಗೆ ಆ ಚಪ್ಪಾಳೆಯ ಮೇಲೆ, ಮೇಷ್ಟ್ರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಸಿಟ್ಟು ಬಂತು. ಕಲ್ಲಯ್ಯನ ಮುಖಕ್ಕೆ ಮಸಿ ಬಳಿಯುವ ಆತುರದಲ್ಲಿ ದೊಡ್ಡಮ್ಮನನ್ನು ಮರೆತೇಬಿಟ್ಟಿದ್ದಳು. ದಾಪುಗಾಲು ಹಾಕಿ ಒಳಗೆ ಹೋಗಿ ಯಂತ್ರದಿಂದ ಸಿ.ಡಿ. ತೆಗೆದು ಕೈಗೆ ತಗೊಂಡಳು.

"ಏನಮ್ಮ, ಏನಾಯ್ತು?" ಎಂದರು ಮೇಷ್ಟ್ರು.

"ಇದು ಕೊಡಲ್ಲ ಮೇಷ್ಟ್ರೇ. ಇದು ಮುಗಿದಿಲ್ಲ."

"ಹುಚ್ಚಾ ನಿನಗೆ? ಆ ಒಂದು ಶಾಟೇ ಸಿನಿಮಾದ ಜೀವ!"

"ಯಾವ ಜೀವ?" ಇಂದ್ರಾಣಿ ಕಿರುಚಿದಳು. "ಅದು ಆಲೋಚನೆಯಲ್ಲ, ತಪ್ಪು! ಯಜಮಾನ ಬಂದ ಅಂತ ಇವನ ಕೈ ತಿರುಗ್ತು, ಅಷ್ಟೇ. ತಪ್ಪು ಅಂತ ಗೊತ್ತಿದ್ದೂ ನಾನು ಇಟ್ಕೊಂಡೆ. ನೀವೆಲ್ಲ ಚಪ್ಪಾಳೆ ತಟ್ತಿದೀರಲ್ಲ, ಪಾಪಮ್ಮ ಎದ್ದು ಹೋಗಿದ್ದು ಒಬ್ಬರಾದರೂ ನೋಡಿದ್ರಾ? ನಾನೂ ನೋಡ್ಲಿಲ್ಲ!"

ನಟರಾಜ ಕೊರಳಿನ ಹಾರ ತೆಗೆದು ಕುರ್ಚಿಯ ಮೇಲಿಟ್ಟ. ಹೊರಗೆ ಹೊರಟ ಇಂದ್ರಾಣಿಯ ಹಿಂದೆಯೇ ಮೆಟ್ಟಿಲಿಗೆ ಬಂದು, ಪಾಪಮ್ಮನ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ದೊಡ್ಡವ್ವ, ಬುಧವಾರ ಅದೇ ಛತ್ರದಲ್ಲಿ ಮದ್ವೆ ಅದೆ. ನಂದೇ ಕ್ಯಾಮೆರಾ. ಯಜಮಾನ್ರು ಬಾಗ್ಲಲ್ಲಿ ನಿಂತ್ಕೊಂಡು ಬಂದೋರ್ನೆಲ್ಲ ಬನ್ನಿ ಬನ್ನಿ ಅಂತಿರ್ತಾರೆ. ನೀನು ಬಂದು ಎದ್ರುಗ್ ನಿಂತ್ಕೊಂಡ್ ಮಾತಾಡು. ನಾನ್ ನಿನ್ ಕಡೆ ಇಡೀತೀನಿ."

"ಶಿವರಾಜು ನಿನ್ನ ಕೆಲ್ಸದಿಂದ ತೆಗ್ದಾನು ಕಣ್ಲಾ."

"ತೆಗೀಲಿ."

ಪಾಪಮ್ಮ ಇಂದ್ರಾಣಿಯನ್ನು ನೋಡಿದಳು. ಇಂದ್ರಾಣಿ ತಲೆ ತಗ್ಗಿಸಿ, "ನಾನು ಅಲ್ಲೇ ಇರ್ತೀನಿ ದೊಡ್ಡಮ್ಮ" ಎಂದಳು. ಕ್ಷಮಿಸು ಎನ್ನುವ ಮಾತು ಅವರ ಮನೆಗಳಲ್ಲಿ ಯಾರೂ ಬಳಸುವುದಿಲ್ಲ, ಅವಳಿಗೂ ಬಾಯಿಗೆ ಬರಲಿಲ್ಲ. ನಂಜನಗೂಡಿನ ಬಸ್ಸು ಬಂದು ನಿಂತು, ಹೋಯಿತು. ಆಮೇಲೆ ಪಾಪಮ್ಮ ಮಂಡಿ ಹಿಡಿದುಕೊಂಡು ಎದ್ದಳು, ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಬತ್ತೀನಿ. ಅದ್ಕೂ ಮೊದ್ಲು ಇವ್ನ್ ಕತ್ತಿಗೆ ಒಂದ್ ಅಗ್ಗ ಕಟ್ಟಿ ನಿನ್ ಕೈಲಿ ಇಡ್ಕೊ ಕೂಸು. ಶಲ್ಯ ಕಂಡ್ರೆ ತಿರುಗ್ತದೆ ಆ ಕತ್ತು."